ಹಳೇ ರೈಫಲ್‌ನ ನಳಿಗೆ ಉಬ್ಬಿದೆ, ಮನೆಯಲ್ಲೇ ಸರಿ ಮಾಡಬಹುದೇ?

ಪ್ರಶ್ನೆ: ತಾತನ ಹಳೇ ಬೋಲ್ಟ್ ಆಕ್ಷನ್ ರೈಫಲ್ ಈಗ ನನಗೆ ಬಂದಿದೆ. ಲೈಸೆನ್ಸ್ ನನ್ನ ಹೆಸರಿಗೇ ಇದೆ. ಬಹಳ ವರ್ಷ ಯಾರೂ ಮುಟ್ಟದೆ ನಳಿಗೆಯ ಒಳಗೆ ತುಕ್ಕು ಹಿಡಿದಿದೆ. ಬಾಯಿಯ ಅಂಚಿನಲ್ಲಿ ಒಂದು ಕಚ್ಚು ಬಿದ್ದಿದೆ. ಅದರ ಸ್ವಲ್ಪ ಹಿಂದೆ, ಬೆರಳಾಡಿಸಿದರೆ ಗೊತ್ತಾಗುವಷ್ಟು ಉಬ್ಬು ಇದೆ. ಕಾಯಿಸಿ, ತಟ್ಟಿ, ಉಜ್ಜಿ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ?

ಉತ್ತರ: ತುಕ್ಕನ್ನು ನೀವೇ ತೆಗೆಯಬಹುದು. ಕಚ್ಚಿಗೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಬೇಕು. ಉಬ್ಬನ್ನು ಮಾತ್ರ ಯಾರೂ ತಟ್ಟಿ ಸರಿ ಮಾಡಲಾರರು. ಅದು ಇರುವ ತನಕ ಈ ರೈಫಲ್‌ನಿಂದ ಒಂದು ಗುಂಡನ್ನೂ ಹಾರಿಸಬೇಡಿ.

ನಳಿಗೆ ಹೊರಗಿನ ಪೆಟ್ಟಿನಿಂದ ಹೀಗೆ ಉಬ್ಬುವುದಿಲ್ಲ. ಹಿಂದೆ ಯಾವಾಗಲೋ ಒಂದು ಗುಂಡು ಅರ್ಧದಲ್ಲೇ ಸಿಕ್ಕಿಕೊಂಡಿರಬೇಕು. ಇಲ್ಲವೇ ಒಳಗೆ ಮಣ್ಣೋ ಗಟ್ಟಿ ಗ್ರೀಸೋ ಇದ್ದಿರಬೇಕು. ಮುಂದಿನ ಗುಂಡು ಅದಕ್ಕೆ ಗುದ್ದಿದಾಗ ಆ ಜಾಗದಲ್ಲಿ ಒತ್ತಡ ಒಮ್ಮೆಲೇ ಏರಿ ಉಕ್ಕು ಹಿಗ್ಗಿದೆ. ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಕಪ್ಪು ಬಳೆಯಂತೆ ಒಂದು ಗೆರೆ ಕಾಣುತ್ತದೆ.

ಹಾಗೆ ಹಿಗ್ಗಿದ ಉಕ್ಕು ಹಳೇ ಬಲಕ್ಕೆ ಮರಳುವುದಿಲ್ಲ. ತಟ್ಟಿದರೆ ಹೊರಗೆ ನುಣುಪಾಗಿ ಕಾಣಬಹುದು, ಕಣ್ಣಿಗೆ ಕಾಣದ ಬಿರುಕು ಒಳಗೇ ಉಳಿದಿರಬಹುದು. ಕಾಯಿಸುವುದಂತೂ ಇನ್ನೂ ಕೆಟ್ಟದ್ದು. ನಳಿಗೆಯ ಉಕ್ಕಿಗೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕಾಯಿಸಿ ತಣಿಸಿದ್ದರಿಂದ. ಗ್ಯಾಸ್ ಟಾರ್ಚ್ ಅಥವಾ ವೆಲ್ಡಿಂಗ್ ಅದನ್ನು ಕೆಡಿಸುತ್ತದೆ. ಕಾರಿನ ಟೈರಿನಲ್ಲಿ 30-35 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಇರುತ್ತದೆ, ಅಲ್ವಾ? .30-06 ಎಂಬ ರೈಫಲ್ ತೋಟಾ ಸಿಡಿದಾಗ ಒಳಗಿನ ಒತ್ತಡ 60,000 ಪಿಎಸ್‌ಐವರೆಗೆ ಹೋಗಬಹುದು. ಅದನ್ನು ತಡೆಯಬೇಕಾದ ಲೋಹ ನಿಮ್ಮ ಮುಖದ ಹತ್ತಿರವೇ ಇರುತ್ತದೆ.

ನಿಮ್ಮ ಅದೃಷ್ಟಕ್ಕೆ ಉಬ್ಬು ಬಾಯಿಯ ಕಡೆಗಿದೆ. ಅಷ್ಟು ಭಾಗವನ್ನು ಗನ್‌ಸ್ಮಿತ್ ಕತ್ತರಿಸಿ, ಲೇತ್‌ನಲ್ಲಿ ಬಾಯಿಯನ್ನು ಹೊಸದಾಗಿ ಕಡೆದು ಕೊಡಬಹುದು. ಕಚ್ಚೂ ಅದರ ಜೊತೆಗೇ ಹೋಗುತ್ತದೆ. ಬಾಯಿಯ ಅಂಚು ಗುಂಡು ಕೊನೆಗೆ ತಾಗಿ ಹೊರಡುವ ಜಾಗ. ಅಂಚು ಒಂದು ಕಡೆ ಕಚ್ಚಾಗಿದ್ದರೆ ಹಿಂದಿನ ಅನಿಲ ಒಂದೇ ಬದಿಯಿಂದ ಮೊದಲು ನುಗ್ಗಿ ಗುಂಡಿನ ದಾರಿ ತಪ್ಪಿಸುತ್ತದೆ. ಹಾಗಂತ ನೀವೇ ಗರಗಸ ಹಿಡಿಯಬೇಡಿ. ಕನಿಷ್ಠ ಉದ್ದಕ್ಕಿಂತ ಮೋಟಾದ ನಳಿಗೆ ಅನೇಕ ದೇಶಗಳಲ್ಲಿ ಅಪರಾಧ. ಉಬ್ಬು ನಡುವೆಯೋ ಚೇಂಬರ್ (ತೋಟಾ ಕೂರುವ ಹಿಂಬದಿಯ ಜಾಗ) ಹತ್ತಿರವೋ ಇದ್ದರೆ ಹೊಸ ನಳಿಗೆ ಹಾಕಿಸುವುದೇ ದಾರಿ. ಒತ್ತಡ ಕಡಿಮೆ ಇರುವ .22 ರೈಫಲ್‌ಗಳಲ್ಲಿ ಹಳೇ ನಳಿಗೆಯನ್ನು ಕೊರೆದು ಒಳಗೆ ತೆಳು ಕೊಳವೆ ಕೂರಿಸುವುದುಂಟು. ಅದೂ ಲೇತ್ ಇರುವವರ ಕೆಲಸ.

ಇನ್ನು ತುಕ್ಕಿನ ವಿಷಯ. ಮೊದಲು ಚೇಂಬರ್, ಮ್ಯಾಗಜಿನ್ ಎರಡೂ ಖಾಲಿ ಇವೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ಬೋಲ್ಟ್ ಹೊರತೆಗೆಯಿರಿ. ಒಳಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ನಳಿಗೆಗೆ ಸರಿಹೊಂದುವ ಕಂಚಿನ ಬ್ರಷ್‌ನಿಂದ ಉಜ್ಜಿ, ಬಟ್ಟೆ ತುಂಡು ಹಾಯಿಸಿ. ಕಂಚು ಉಕ್ಕಿಗಿಂತ ಮೆತ್ತಗಿರುವುದರಿಂದ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಉಳಿಯುತ್ತವೆ. ಬ್ರಷ್‌ನ ಸರಳನ್ನು ಯಾವಾಗಲೂ ಚೇಂಬರ್ ಕಡೆಯಿಂದಲೇ ಹಾಕಿ. ಬಾಯಿಯ ಕಡೆಯಿಂದ ಹಾಕಿ ಹಾಕಿ ಅಂಚು ಸವೆದ ಹಳೇ ಮಿಲಿಟರಿ ರೈಫಲ್‌ಗಳು ಎಷ್ಟೋ ಇವೆ. ಉಪ್ಪುಕಾಗದ, ಆಸಿಡ್, ಡ್ರಿಲ್ ಮೆಷಿನ್ ಹತ್ತಿರವೂ ಬೇಡ.

ಹಳೇ ಮಿಲಿಟರಿ ತೋಟಾ ಹೊಡೆದ ನಳಿಗೆಯಾದರೆ ಇನ್ನೊಂದು ಕೆಲಸ ಇದೆ. ಆ ತೋಟಾಗಳ ಪ್ರೈಮರ್‌ನಲ್ಲಿ (ತೋಟಾಕ್ಕೆ ಕಿಡಿ ಹೊತ್ತಿಸುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಒಂದು ಬಗೆಯ ಉಪ್ಪು ಉಳಿದು, ಗಾಳಿಯ ತೇವ ಎಳೆದುಕೊಂಡು ತುಕ್ಕು ತರುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಾಗಾಗಿ ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಿ.

ತುಕ್ಕು ಹೋದ ಮೇಲೆ ಸಣ್ಣ ಗುಳಿಗಳು ಕಾಣಬಹುದು. ಅವುಗಳನ್ನು ಉಜ್ಜಿ ತೆಗೆಯಲು ಹೋದರೆ ನಳಿಗೆಯೇ ಅಗಲವಾಗುತ್ತದೆ, ಬಿಟ್ಟುಬಿಡಿ. ಸಣ್ಣಪುಟ್ಟ ಗುಳಿ ಇದ್ದರೂ ಗುರಿ ಚೆನ್ನಾಗಿ ಹಿಡಿಯುವ ರೈಫಲ್‌ಗಳಿವೆ. ಚೇಂಬರ್‌ನಲ್ಲಿ ಗುಳಿ ಇದ್ದರೆ ಮಾತ್ರ ತೋಟಾದ ಖಾಲಿ ಕೋಶ ಸಿಕ್ಕಿಕೊಳ್ಳಬಹುದು. ಹೊರಗೆ ಹೊಳಪು ಬರಿಸುವ ಹುಮ್ಮಸ್ಸಿನಲ್ಲಿ ನಂಬರು, ಮುದ್ರೆಗಳನ್ನು ಸವೆಸಬೇಡಿ. ನಂಬರು ಅಳಿಸಿದ ರೈಫಲ್ ಇಟ್ಟುಕೊಂಡರೆ ಪೊಲೀಸರಿಗೆ ಉತ್ತರ ಕೊಡಬೇಕಾಗುತ್ತದೆ.

ಗನ್‌ಸ್ಮಿತ್ ಹತ್ತಿರ ಹೋದಾಗ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾ ಕೂರಲು ಸಿಗುವ ಜಾಗ) ಅಳತೆಯನ್ನೂ ನೋಡಿಸಿ. ಎಷ್ಟೋ ಸಲ ಹಳೇ ರೈಫಲ್‌ಗೆ ಬೇರೊಂದರ ಬೋಲ್ಟ್ ಬಂದು ಕೂತಿರುತ್ತದೆ. ಯಾವ ತೋಟಾ ಹಾಕಬೇಕು ಎಂಬುದನ್ನೂ ಅವರಿಂದಲೇ ಖಚಿತ ಮಾಡಿಕೊಳ್ಳಿ. ಹಿಂದೆ ಬಳಸುತ್ತಿದ್ದ, ಒತ್ತಡ ಕಡಿಮೆ ಇರುವ ಕಪ್ಪು ಮದ್ದಿನ ಕಾಲದ ನಳಿಗೆ ಈಗಿನ ತೋಟಾ ತಾಳುವುದಿಲ್ಲ. ರಿಪೇರಿಗೆ ಲಾಯಕ್ಕಿಲ್ಲ ಅಂದರೆ, ನೆನಪಿಗೆಂದು ಗೋಡೆಗೆ ಹಾಕಿಕೊಳ್ಳಬಹುದು. ಆದರೆ ಸುಮ್ನೆ ಬೋಲ್ಟ್ ತೆಗೆದಿಟ್ಟರೆ ಸಾಲದು. ನಿಷ್ಕ್ರಿಯ ಮಾಡಿಸುವ ಕ್ರಮ ಹೇಗೆಂದು ಲೈಸೆನ್ಸ್ ಕೊಟ್ಟ ಕಚೇರಿಯಲ್ಲೇ ಕೇಳಿ.