ಸೇನಾಧಿಕಾರಿ ತರಬೇತಿಯಲ್ಲಿ ಬೆಳಗಿನ ಗುಂಪು ಓಟ ಹೇಗಿರುತ್ತದೆ? ನಿಧಾನವಾಗಿ ಓಡುವವರ ಗತಿಯೇನು?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಪದವಿ ವಿದ್ಯಾರ್ಥಿಯೆಂದು ಪರಿಚಯಿಸಿಕೊಂಡು, ಬೆಳಗಿನ ಗುಂಪು ಓಟದಲ್ಲಿ ಹಿಂದೆ ಬೀಳುವವರನ್ನು ಮನೆಗೆ ಕಳುಹಿಸುತ್ತಾರೆಯೇ ಎಂದು ನೀವು ಕೇಳಿದ್ದೀರಿ. ನಾನು ಬದಿಯಡ್ಕದ ಕಡೆಯವನು. ಚೆನ್ನೈಯ ಪರಂಗಿಮಲೆಯಲ್ಲಿರುವ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ ಮುಗಿಸಿದವನು. ಒಂದು ಬೆಳಗಿನ ಓಟದಲ್ಲಿ ಹಿಂದೆ ಬಿದ್ದರೆಂದು ಯಾರನ್ನೂ ಮನೆಗೆ ಕಳುಹಿಸುವುದಿಲ್ಲ, ಆ ಭಯ ಬೇಡ.

ಬೆಳಕು ಹರಿಯುವ ಮೊದಲೇ ಬಿಳಿ ಪಿ.ಟಿ. ಉಡುಪಿನಲ್ಲಿ ಮೂರು ಸಾಲಾಗಿ ಫಾಲ್ ಇನ್ ಆಗಬೇಕು. ಹಾಜರಿ ಮುಗಿದೊಡನೆ ಉಸ್ತಾದರ ಆಜ್ಞೆಗೆ, ಅಂದರೆ ದೈಹಿಕ ತರಬೇತಿ ಕೊಡುವವರ ಆಜ್ಞೆಗೆ, ಇಡೀ ಸ್ಕ್ವಾಡ್ ಎಡಗಾಲಿನಿಂದ ಒಟ್ಟಿಗೆ ಹೊರಡುತ್ತದೆ. ಚೆನ್ನೈಯ ಗಾಳಿ ನಮ್ಮ ಕರಾವಳಿಯ ಗಾಳಿಯಂತೆಯೇ ತೇವದ್ದು. ಮೈಮೇಲಿನ ಬೆವರು ಆರುವುದೇ ಇಲ್ಲ. ಉತ್ತರದ ಒಣ ಹವೆಯಿಂದ ಬಂದ ಗೆಳೆಯರು ಮೊದಲ ವಾರಗಳಲ್ಲಿ ಇದರಿಂದ ಬಹಳ ಬಳಲಿದರು, ಕಾಸರಗೋಡಿನವನಾದ ನನಗೆ ಅದು ಹೊಸತಾಗಿರಲಿಲ್ಲ.

ಚಿಕ್ಕಂದಿನಿಂದ ತೋಡು ದಾಟಿ, ಗುಡ್ಡ ಹತ್ತಿಳಿದು ಶಾಲೆಗೆ ಹೋದವನಾದ್ದರಿಂದ ಓಟದಲ್ಲಿ ನನಗೆ ವಿಪರೀತ ಆತ್ಮವಿಶ್ವಾಸವಿತ್ತು. ಮೊದಲ ವಾರದಲ್ಲೇ ಮುಂದಿನ ಸಾಲಿನಲ್ಲಿದ್ದುಕೊಂಡು ವೇಗ ಹೆಚ್ಚಿಸಿದೆ. ಉಸ್ತಾದರು ನನ್ನನ್ನು ಹಿಂದಕ್ಕೆ ಕರೆದು, ಕೊನೆಯವನ ಉಸಿರು ಕಿವಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಓಡಬೇಕೆಂದು ಆಜ್ಞಾಪಿಸಿದರು. ಆ ದಿನ ಹಿಂದಿನಿಂದ ಕಂಡದ್ದನ್ನು ನಾನು ಮರೆತಿಲ್ಲ. ನನ್ನ ಮುಂದಿದ್ದವನು ಹಿಮ್ಮಡಿಯನ್ನು ಧಪಧಪನೆ ನೆಲಕ್ಕೆ ಕುಟ್ಟುತ್ತಿದ್ದ, ಮುಷ್ಟಿಗಳನ್ನು ಎದೆಯವರೆಗೆ ಎತ್ತಿ ಬಿಗಿಹಿಡಿದಿದ್ದ, ನಾಲ್ಕು ಹೆಜ್ಜೆ ಉಸಿರು ಕಟ್ಟಿ ಮತ್ತೆ ಒಮ್ಮೆಲೇ ಬಿಡುತ್ತಿದ್ದ. ಮುಂದಿನ ಸಾಲಿನವರು ಸ್ವಲ್ಪವೇ ವೇಗ ಹೆಚ್ಚಿಸಿದರೂ ಪ್ರತಿಯೊಂದು ಸಾಲಿನಲ್ಲೂ ಒಂದಿಷ್ಟು ಅಂತರ ಬೆಳೆದು, ಅಷ್ಟನ್ನೂ ತುಂಬುವುದಕ್ಕೆ ಕೊನೆಯವನು ಧಾವಿಸಬೇಕಾಗುತ್ತಿತ್ತು. ಅವರು ನಿಧಾನಿಸಿದೊಡನೆ ಇವನು ಮುಂದಿನವನ ಬೆನ್ನಿಗೆ ತಾಗುವಂತಾಗುತ್ತಿತ್ತು. ನಾವೆಲ್ಲ ಒಂದೇ ಹದದಲ್ಲಿ ಓಡುತ್ತಿದ್ದರೆ, ಶಕ್ತಿ ಕಡಿಮೆಯಿದ್ದ ಅವನೊಬ್ಬನೇ ಓಡಿ ನಿಂತು, ಓಡಿ ನಿಂತು ದಣಿಯುತ್ತಿದ್ದ. ಅವನನ್ನು ದಣಿಸುತ್ತಿದ್ದವನು ನಾನೇ. ಮರುದಿನದಿಂದ ಉಸ್ತಾದರು ನಿಧಾನದವರನ್ನು ಮುಂದಿನ ಸಾಲಿಗೆ ತಂದು ಅವರ ಹೆಜ್ಜೆಯನ್ನೇ ಸ್ಕ್ವಾಡಿನ ಹೆಜ್ಜೆಯನ್ನಾಗಿ ಮಾಡಿದರು. ಅದೇ ಗೆಳೆಯ ಒಮ್ಮೆಯೂ ಹಿಂದುಳಿಯದೆ ಓಟ ಮುಗಿಸಿದ. ಆದ್ದರಿಂದ ನಾಚಿಕೆಯಿಂದ ಕೊನೆಯ ಸಾಲಿನಲ್ಲಿ ಅಡಗಿಕೊಳ್ಳಬೇಡಿ, ಸಾಧ್ಯವಾದರೆ ಮುಂದೆಯೇ ನಿಲ್ಲಿ.

ಆದರೆ ಪರೀಕ್ಷೆಯ ಓಟದಲ್ಲಿ ಯಾರೂ ನಿಮಗಾಗಿ ನಿಧಾನಿಸುವುದಿಲ್ಲ. 2.4 ಕಿ.ಮೀ. ಓಟ, ಬಿಪಿಇಟಿ ಎಂಬ ಯುದ್ಧಸಿದ್ಧತೆಯ ದೈಹಿಕ ಪರೀಕ್ಷೆಯಲ್ಲಿ ರೈಫಲ್ ಮತ್ತು ಬೆನ್ನುಚೀಲ ಹೊತ್ತು ಓಡುವ 5 ಕಿ.ಮೀ., ಇವೆರಡನ್ನೂ ನಿಗದಿತ ಸಮಯದೊಳಗೆ ಒಬ್ಬರೇ ಮುಗಿಸಬೇಕು; ಮತ್ತೆ ಮತ್ತೆ ಅನುತ್ತೀರ್ಣರಾದರೆ ರೆಲಿಗೇಶನ್ ಆಗಿ ಒಂದು ಅವಧಿ ಹಿಂದುಳಿಯುವ ಸಂಭವವಿದೆ. ಸೇನೆಯ ಇತ್ತೀಚಿನ ನೇಮಕಾತಿ ಪ್ರಕಟಣೆಗಳು, ತರಬೇತಿಗೆ ಬರುವಾಗಲೇ 2.4 ಕಿ.ಮೀ. ದೂರವನ್ನು ಪುರುಷರು 10 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳೆಯರು 13 ನಿಮಿಷಗಳಲ್ಲಿ ಓಡುವಷ್ಟು ಸಿದ್ಧರಾಗಿರಬೇಕೆಂದು ಸೂಚಿಸುತ್ತವೆ. ಮೊಣಕಾಲಿನ ಕೆಳಗೆ ಎಲುಬಿನುದ್ದಕ್ಕೂ ನೋವು ಕಾಣಿಸಿಕೊಂಡರೆ ದಯವಿಟ್ಟು ಮುಚ್ಚಿಡಬೇಡಿ. ಅದನ್ನು ಸಹಿಸಿಕೊಂಡೇ ಓಡಿದರೆ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟು ವಾರಗಟ್ಟಲೆ ಮಲಗಬೇಕಾದೀತು.

ನಿಮ್ಮೂರಿನ ಪದವುಗಳೇ, ಅಂದರೆ ಗುಡ್ಡದ ಮೇಲಿನ ಬಯಲುಗಳೇ, ಅಭ್ಯಾಸಕ್ಕೆ ಸಾಕು. ವಾರದಲ್ಲಿ ನಾಲ್ಕು ದಿನ ಒಬ್ಬರೇ ಓಡಿ, ಒಂದು ದಿನ ನಿಮಗಿಂತ ವೇಗದವರೊಬ್ಬರನ್ನೂ ನಿಧಾನದವರೊಬ್ಬರನ್ನೂ ಕರೆದುಕೊಂಡು, ಮೂವರೂ ಮಾತನಾಡಬಲ್ಲ ವೇಗದಲ್ಲಿ ಅಂತರ ಬಿಡದೆ 5 ಕಿ.ಮೀ. ಓಡಿ ನೋಡಿ. ಮಳೆಗಾಲದಲ್ಲಿ ಮಾತ್ರ ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ. ಆ ತಿಂಗಳುಗಳಲ್ಲಿ ಶಾಲೆಯ ಮೈದಾನವೇ ಒಳ್ಳೆಯದು.