ದುಬೈಗೆ ಹೋಗಲು ಎರಡೇ ಗಂಟೆ, ಬರಲು ನಾಲ್ಕೂಮುಕ್ಕಾಲು?

ಪ್ರಶ್ನೆ: ಮಗ ದುಬೈಗೆ ಕರೆಸಿಕೊಳ್ಳುತ್ತಿದ್ದಾನೆ. ಮಂಗಳೂರಿನಿಂದ ರಾತ್ರಿ 9.15ಕ್ಕೆ ಹೊರಟರೆ 11.15ಕ್ಕೆ ಅಲ್ಲಿ ಎಂದು ಟಿಕೆಟ್‌ನಲ್ಲಿದೆ. ವಾಪಸ್ ಬರುವಾಗ ಸಂಜೆ 4.10ಕ್ಕೆ ಬಿಟ್ಟು ರಾತ್ರಿ 8.55ಕ್ಕೆ ಇಲ್ಲಿ. ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ, ಅದಕ್ಕೇ ಬೇಗ ಎನ್ನುತ್ತಾರೆ ಪಕ್ಕದ ಮನೆಯವರು. ಹೌದಾ? ದೂರ ಎಷ್ಟು? ನನಗೆ ಶುಗರ್ ಇದೆ, ರಾತ್ರಿಯ ಮಾತ್ರೆಗೆ ಯಾವ ಊರಿನ ಗಂಟೆ ನೋಡಲಿ?
- ಓದುಗರು, ಬ್ರಹ್ಮಾವರ

ಉತ್ತರ: ಅಮ್ಮಾ, ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 11.15 ಆದಾಗ ನಿಮ್ಮ ಮನೆಯಲ್ಲಿ 12.45. ಅಂದರೆ ಹೋಗಲು ಮೂರೂವರೆ ಗಂಟೆ. ವಾಪಸ್ ಬರುವಾಗ ಅದೇ ಒಂದೂವರೆ ಗಂಟೆ ಕಳೆಯಿರಿ, ಉಳಿಯುವುದು ಮೂರೂಕಾಲು. ಬರುವಾಗಲೇ ಬೇಗ ಬರುತ್ತೀರಿ!

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 2,460 ಕಿ.ಮೀ. ಹೆಚ್ಚಿನ ದಾರಿ ಅರಬ್ಬೀ ಸಮುದ್ರದ ಮೇಲೆಯೇ, ಕಿಟಕಿ ಸೀಟಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ, ರಾತ್ರಿ ಏನೂ ಕಾಣುವುದಿಲ್ಲ. ಮೇಲೇರಿದ ಮೇಲೆ ವೇಗ ಗಂಟೆಗೆ 800 ಕಿ.ಮೀ. ದಾಟುತ್ತದೆ. ಹಾಗಾದರೆ ಮೂರು ಗಂಟೆ ಸಾಕಲ್ವಾ? ಸಾಕಾಗುವುದಿಲ್ಲ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಅಲ್ಲದೆ ಟಿಕೆಟ್‌ನ ಹೊತ್ತು ವಿಮಾನ ನಿಂತಲ್ಲಿಂದ ಕದಲುವಾಗ ಶುರುವಾಗಿ, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ದುಬೈಯಂಥ ದೊಡ್ಡ ನಿಲ್ದಾಣದಲ್ಲಿ ಚಕ್ರ ನೆಲಕ್ಕೆ ತಾಗಿದ ಮೇಲೂ ಓಡಾಟ ಸಾಕಷ್ಟಿರುತ್ತದೆ.

ಇನ್ನು ಗಾಳಿ. ಪಕ್ಕದ ಮನೆಯವರು ಹೇಳಿದ್ದರಲ್ಲಿ ಗಾಳಿ ಇರುವುದು ನಿಜ, ದಿಕ್ಕು ಮಾತ್ರ ತಿರುಗುಮುರುಗು. ಚಳಿಗಾಲದಲ್ಲಿ ಒಮಾನ್, ದುಬೈ ಕಡೆಯ ಆಕಾಶದಲ್ಲಿ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವ ವಿಮಾನಕ್ಕೆ ಅದು ಎದುರು, ಊರಿಗೆ ಬರುವ ವಿಮಾನಕ್ಕೆ ಬೆನ್ನಿಗೆ. ಮಳೆಗಾಲದಲ್ಲಿ ಆಟವೇ ಬೇರೆ. ಕೆಳಗೆ ಮಲ್ಪೆ ಕಡಲಿಗೆ ಪಶ್ಚಿಮದ ಗಾಳಿ ಅಪ್ಪಳಿಸುತ್ತಿರುವಾಗ, ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಗಾಳಿ ಓಡುತ್ತಿರುತ್ತದೆ. ಪಿ. ಕೋಟೇಶ್ವರಂ ಎಂಬ ನಮ್ಮ ಹವಾಮಾನ ವಿಜ್ಞಾನಿ 1958ರಲ್ಲಿ ಇದರ ಬಗ್ಗೆ ಬರೆದರು. ಅದರ ಬಿರುಸು ವಿಮಾನಕ್ಕಿಂತಲೂ ಮೇಲೆ, 14 ಕಿ.ಮೀ. ಆಚೆ. ಆದರೂ ಕೆಳಗೆ ಹಾರುವ ವಿಮಾನಕ್ಕೂ ಸ್ವಲ್ಪ ತಾಗುತ್ತದೆ. ಹಾಗಾಗಿ ಜುಲೈಯಲ್ಲಿ ಹೋಗುವವರಿಗೆ ಚಳಿಗಾಲದಷ್ಟು ಎದುರುಗಾಳಿ ಇಲ್ಲ.

ಮಾತ್ರೆಯ ವಿಷಯ. ಆ ರಾತ್ರಿ ಕೈಗಡಿಯಾರವನ್ನು ಊರಿನ ಹೊತ್ತಿನಲ್ಲೇ ಬಿಡಿ. ನಿಮ್ಮ ಹೊಟ್ಟೆಗೆ ಗೊತ್ತಿರುವುದು ಬ್ರಹ್ಮಾವರದ ಗಂಟೆಯೇ. ಊಟ, ಮಾತ್ರೆ ಎರಡಕ್ಕೂ ಅದನ್ನೇ ನೋಡಿ. ಮೊಬೈಲ್ ಮಾತ್ರ ಇಳಿದ ಕೂಡಲೇ ತಾನಾಗಿ ದುಬೈ ಹೊತ್ತಿಗೆ ಹೋಗಬಹುದು, ಅದನ್ನು ನೋಡಿ ಗಲಿಬಿಲಿಯಾಗಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ. ಮಾತ್ರೆಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲಿರಲಿ, ಅಂಗಡಿಯ ಸ್ಟ್ರಿಪ್‌ನಲ್ಲೇ. ಡಾಕ್ಟರ್ ಚೀಟಿಯೂ ಜೊತೆಗಿರಲಿ. ಔಷಧಿಯ ವಿಷಯದಲ್ಲಿ ಅಲ್ಲಿಯವರು ಭಾರೀ ಕಟ್ಟುನಿಟ್ಟು.