ರಾತ್ರಿ ವಿಮಾನ, ಹಗಲೆಲ್ಲ ಖಾಲಿ: ಚಿಕ್ಕಪೇಟೆ, ಗಾಂಧಿ ಬಜಾರ್, ಕಮರ್ಷಿಯಲ್ ಸ್ಟ್ರೀಟ್ ಒಂದೇ ದಿನದಲ್ಲಿ ಆಗುತ್ತಾ?

ರಾತ್ರಿ ಹತ್ತೂವರೆಗೆ ದುಬೈ ವಿಮಾನ. ಬೆಳಗಿನ ಜಾವ ಶಿವಮೊಗ್ಗದ ರೈಲಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೀರಿ. ಲಗೇಜನ್ನು ಬನಶಂಕರಿ ಕಡೆಯ ನೆಂಟರ ಮನೆಯಲ್ಲಿಟ್ಟು ಮೂರೂ ಕಡೆ ಸುತ್ತಬೇಕು, ಯಾವುದು ಮೊದಲು ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ ಎಂದಿತು. ನನ್ನದೂ ದುಬೈ, ನನ್ನದೂ ಮೊದಲ ಕೆಲಸ, ನೆಂಟರ ಮನೆಯೂ ಆ ಕಡೆಯದೇ. ಗಿರಿನಗರದ ಚಿಕ್ಕಮ್ಮನ ಮನೆ.

ಯಾವ ಅಂಗಡಿ ಮೊದಲು ಅನ್ನೋದು ಪ್ರಶ್ನೆಯೇ ಅಲ್ಲ. ನಿಮ್ಮ ಸೂಟ್‌ಕೇಸ್ ಆ ದಿನ ಎಲ್ಲಿರುತ್ತದೆ ಅನ್ನೋದು ಪ್ರಶ್ನೆ.

ನಾನು ಬೆಳಿಗ್ಗೆ ಆರಕ್ಕೇ ಚಿಕ್ಕಮ್ಮನ ಮನೆಗೆ ಹೋಗಿ, ಅರ್ಧ ತುಂಬಿದ ಪೆಟ್ಟಿಗೆ ಇಟ್ಟು, ಸ್ನಾನ ತಿಂಡಿ ಮುಗಿಸಿ ಒಂಬತ್ತಕ್ಕೆಲ್ಲ ಚಿಕ್ಕಪೇಟೆಯಲ್ಲಿದ್ದೆ. ಅಲ್ಲಿ ನೋಡಿದರೆ ಎಲ್ಲ ಶಟರ್ ಕೆಳಗೆ. ಕಸ ಗುಡಿಸುವವರು, ಬಟ್ಟೆಯ ಗಂಟು ಇಳಿಸುತ್ತಿದ್ದ ಹಮಾಲರು, ಮತ್ತೆ ನಾನು. ಹತ್ತೂವರೆ ಹನ್ನೊಂದರ ಮುಂಚೆ ಅಲ್ಲಿ ವ್ಯಾಪಾರ ಕುದುರುವುದಿಲ್ಲ. ನಿಮ್ಮದು ಭಾನುವಾರವಾದರೆ ಚಿಕ್ಕಪೇಟೆಯನ್ನು ಮರೆತುಬಿಡಿ, ಬಹಳಷ್ಟು ಅಂಗಡಿಗಳಿಗೆ ಅವತ್ತು ರಜೆ.

ಅಂಗಡಿ ತೆರೆದ ಮೇಲಂತೂ ಕೇಳಬೇಡಿ. ಸೀರೆ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂರಿಸಿ, ಬೇಡ ಬೇಡ ಅಂದರೂ ಒಂದಾದ ಮೇಲೊಂದು ಬಿಚ್ಚಿ ಹರಡುತ್ತಾರೆ. ದುಬೈಯಲ್ಲಿದ್ದ ಗೆಳೆಯನ ಹೆಂಡತಿಗೆ ಒಂದೇ ಒಂದು ಸೀರೆ ತಗೊಳ್ಳೋಕೆ ಹೋದವನಿಗೆ ಎದ್ದು ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಆಮೇಲೆ ಟವೆಲ್ಲು, ಬೆಡ್‌ಶೀಟು, ಪಾತ್ರೆ ಅಂಗಡಿ ಸಾಲಿನಲ್ಲಿ ಒಂದು ಕುಕ್ಕರು. ಎಲ್ಲದಕ್ಕೂ ಚೌಕಾಸಿ. ನಾಲ್ಕೂವರೆಗೆ ಎರಡೂ ಕೈಯಲ್ಲಿ ಚೀಲ ಹಿಡಿದು, ಗಾಂಧಿ ಬಜಾರ್ ಆಸೆ ಬಿಟ್ಟು, ಗಿರಿನಗರದ ಆಟೊ ಹತ್ತಿದೆ.

ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮ್ಯಾಪ್‌ನಲ್ಲಿ ನೋಡಿದರೆ ಇದು ತಪ್ಪು ಅಂತ ಕಾಣೋದೇ ಇಲ್ಲ. ಚಿಕ್ಕಪೇಟೆಯಿಂದ ಗಿರಿನಗರ ಏನು ಮಹಾ ದೂರ? ನಾಲ್ಕು ಹೆಜ್ಜೆ. ನಾನೂ ಹಾಗೇ ಲೆಕ್ಕ ಹಾಕಿದ್ದೆ. ಆದರೆ ಆ ನಾಲ್ಕು ಹೆಜ್ಜೆ ತೆಂಕಣಕ್ಕೆ. ವಿಮಾನ ನಿಲ್ದಾಣ ಇರೋದು ಬಡಗಣಕ್ಕೆ, ದೇವನಹಳ್ಳಿಯಲ್ಲಿ, ಮೆಜೆಸ್ಟಿಕ್‌ನಿಂದಲೇ ಸುಮಾರು 35 ಕಿಲೋಮೀಟರ್. ಅಂದರೆ ಸಂಜೆ ಆಫೀಸು ಬಿಡುವ ಹೊತ್ತಿಗೆ ನಾನು ವಿಮಾನಕ್ಕೆ ಬೆನ್ನು ಹಾಕಿ ಹೊರಟೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಆ ದೂರ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಅದೂ ದಿನದ ಅತಿ ಕೆಟ್ಟ ಹೊತ್ತಿನಲ್ಲಿ.

ದೂರವೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ನೆಂಟರ ಮನೆ ಅಂದಮೇಲೆ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಂದಲೇ ಬರೋಕಾಗುತ್ತಾ? ಕಾಫಿ ಆಯಿತು. ತಂದ ಸೀರೆ ಬಿಚ್ಚಿ ತೋರಿಸಿದ್ದಾಯಿತು, ಬೆಲೆ ಹೇಳಿ ಬೈಸಿಕೊಂಡದ್ದೂ ಆಯಿತು. ‘ಅನ್ನ ಆಗ್ತಾ ಇದೆ ಕಣೋ, ಒಂದು ತುತ್ತು ತಿಂದು ಹೋಗು, ಹೊರದೇಶಕ್ಕೆ ಹೋಗೋ ಮಗ ಹಸ್ಕೊಂಡು ಹೋಗ್ಬಾರ್ದು’ ಅಂದರು ಚಿಕ್ಕಮ್ಮ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಾನು ಉಣ್ಣುತ್ತಿದ್ದಾಗ ಅವರು ಪೆಟ್ಟಿಗೆಗೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಡಬ್ಬ ಸೇರಿಸಿದರು. ಸಂದಿಯಲ್ಲಿ ನಾಲ್ಕು ಕೊಬ್ಬರಿ ಗಿಟುಕನ್ನೂ ತುರುಕಿದ್ದರು. ಅದು ನನಗೆ ಗೊತ್ತಿರಲಿಲ್ಲ. ತೂಕ ನೋಡೋಕೆ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಚಿಕ್ಕಪ್ಪ ಕೈಯಲ್ಲಿ ಎತ್ತಿ ನೋಡಿ ‘ಇಪ್ಪತ್ತೆಂಟು’ ಅಂದರು.

ಏಳಕ್ಕೆ ಹತ್ತು ನಿಮಿಷ ಇರುವಾಗ ಟ್ಯಾಕ್ಸಿ ಹೊರಟಿತು. ಸುಮಾರು ಹೊತ್ತಾದ ಮೇಲೆ ಕಿಟಕಿಯಲ್ಲಿ ನೋಡಿದರೆ ಅದೇ ಮೆಜೆಸ್ಟಿಕ್. ಸಂಜೆ ಇದರ ಮಗ್ಗುಲಲ್ಲೇ ಇದ್ದೆನಲ್ಲ ಅಂತ ಹೊಟ್ಟೆ ಉರಿಯಿತು. ಮೇಖ್ರಿ ಸರ್ಕಲ್, ಹೆಬ್ಬಾಳ ದಾಟೋ ಹೊತ್ತಿಗೆ ಡ್ರೈವರ್‌ಗೂ ನನಗೂ ಮಾತು ನಿಂತುಹೋಗಿತ್ತು. ಕೌಂಟರ್ ಮುಂದೆ ನಿಂತಾಗ ಒಂಬತ್ತು ಇಪ್ಪತ್ತು. ಚೆಕ್-ಇನ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ನನ್ನ ವಿಮಾನ ಹತ್ತು ನಲವತ್ತಕ್ಕೆ. ಉಳಿದಿದ್ದು ಇಪ್ಪತ್ತೇ ನಿಮಿಷ.

ಪೆಟ್ಟಿಗೆ ಬೆಲ್ಟಿನ ಮೇಲಿಟ್ಟರೆ 34.6 ಕೆಜಿ. ನನ್ನ ಟಿಕೆಟ್ಟಿಗೆ 30. ದುಡ್ಡು ಕಟ್ಟುತ್ತೇನೆ ಅಂದೆ. ಕಟ್ಟಿದರೂ ಆಗಲ್ಲ ಅಂದರು ಕೌಂಟರಿನ ಹುಡುಗಿ. ಒಂದೇ ಪೆಟ್ಟಿಗೆ 32 ಕೆಜಿ ದಾಟಿದರೆ ತಗೊಳ್ಳೋದೇ ಇಲ್ಲ. ಎತ್ತುವ ಕೆಲಸಗಾರರ ಸೊಂಟ ಉಳಿಯಬೇಕಲ್ಲ, ಅದಕ್ಕೆ. ಆಮೇಲೆ ಚಿತ್ರಗಳಿದ್ದ ಒಂದು ಹಾಳೆ ತೋರಿಸಿ, ಪವರ್ ಬ್ಯಾಂಕ್ ಇದೆಯಾ, ಕೊಬ್ಬರಿ ಇದೆಯಾ ಅಂತ ಕೇಳಿದರು. ಇಲ್ಲ ಅಂತ ಗಟ್ಟಿಯಾಗಿ ಹೇಳಿ, ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಬೆಡ್‌ಶೀಟ್ ಎತ್ತುತ್ತಿದ್ದಂತೆ ಒಂದು ಗಿಟುಕು ಉರುಳಿಕೊಂಡು ಹೋಗಿ ಆಕೆಯ ಕೌಂಟರಿಗೇ ಬಡಿಯಿತು.

ನಗಬೇಡಿ. ಒಣಕೊಬ್ಬರಿ ಎಣ್ಣೆ ಪದಾರ್ಥ, ಬಿಸಿಯಾದರೆ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು ಅಂತ ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಕೊಬ್ಬರಿ ಹೋಯಿತು. ಗೊಜ್ಜು, ಉಪ್ಪಿನಕಾಯಿ ಕೈಚೀಲಕ್ಕೆ ಹಾಕೋ ಹಾಗಿಲ್ಲ. ಕುಕ್ಕರನ್ನು ತೆಗೆದಿಟ್ಟು ಬಂದೆ. ಉಳಿದ ಹೆಚ್ಚುವರಿ ತೂಕಕ್ಕೆ ಕಾರ್ಡ್ ಉಜ್ಜಿದೆ. ಹಗಲೆಲ್ಲ ಗಂಟಲು ಹರಿದುಕೊಂಡು ಉಳಿಸಿದ್ದಕ್ಕಿಂತ ಆ ಒಂದು ರಸೀದಿಯ ಮೊತ್ತವೇ ಜಾಸ್ತಿ ಇತ್ತು. ಒಂದು ಗಂಟೆ ಮುಂಚೆ ಬಂದಿದ್ದರೆ ಇನ್ನೊಂದು ಚೀಲ ಹುಡುಕಿ, ನಿಧಾನವಾಗಿ ಬೇರೆ ಮಾಡಿ, ಬೇಡದ್ದನ್ನು ಟ್ಯಾಕ್ಸಿಯವನ ಕೈಲಿ ಕೊಟ್ಟಾದರೂ ಕಳಿಸಬಹುದಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳುತ್ತೇನೆ. ಪೆಟ್ಟಿಗೆಯನ್ನು ಊರಲ್ಲೇ ತೂಕ ಮಾಡಿ, ನಾಲ್ಕು ಕೆಜಿ ಜಾಗ ಬಿಟ್ಟು, ಬೀಗ ಹಾಕಿ ತನ್ನಿ. ಮೆಜೆಸ್ಟಿಕ್ ರೈಲು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಇಡಿ. ಬೀಗ ಇಲ್ಲದ ಚೀಲ ತಗೊಳ್ಳಲ್ಲ, ರೈಲು ಟಿಕೆಟ್ ಕೇಳುತ್ತಾರೆ, ಬಿಸಾಡಬೇಡಿ. ಪಾಸ್‌ಪೋರ್ಟ್, ವೀಸಾ, ಆಫರ್ ಲೆಟರ್ ಮಾತ್ರ ಮೈಮೇಲೇ ಇರಲಿ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆ ಹಸಿರು ಮೆಟ್ರೊದಲ್ಲಿ ಒಂದೇ ಸ್ಟಾಪ್. ಮೂರರ ಹೊತ್ತಿಗೆ ವಾಪಸ್ ಬಂದು ಪೆಟ್ಟಿಗೆ ತಗೊಂಡು, ಅಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಹೊರಡುವ ಬಿಎಂಟಿಸಿ ವಾಯು ವಜ್ರ ಬಸ್ಸು ಹತ್ತಿ. ಅದರಲ್ಲಿ ಲಗೇಜಿಗೆ ಜಾಗ ಇರುತ್ತದೆ. ನೆಂಟರಿಗೆ ಫೋನ್ ಮಾಡಿ ಕ್ಷಮೆ ಕೇಳಿ. ಬೇಜಾರಾಗುತ್ತಾರೆ, ಆಗಲಿ. ಬೇಕಿದ್ದರೆ ಅವರೇ ಚಿಕ್ಕಪೇಟೆಗೆ ಬಂದು ದೋಸೆ ತಿನ್ನಿಸಲಿ.

ಗಾಂಧಿ ಬಜಾರ್ ಚೆಂದ, ಆದರೆ ಅದೂ ತೆಂಕಣಕ್ಕೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಿಗೋದು ದುಬೈಯಲ್ಲಿ ಸಿಗದೇ ಇರುತ್ತಾ? ಎರಡನ್ನೂ ಬಿಡಿ.

ನಿಜ ಹೇಳಬೇಕಂದರೆ ಚಿಕ್ಕಪೇಟೆಯ ಪಟ್ಟಿಯೂ ಅರ್ಧ ದಂಡ. ಬರ್ ದುಬೈಯ ಮೀನಾ ಬಜಾರ್, ಕರಾಮಾ ಕಡೆ ಹೋಗಿ ನೋಡಿ. ಕುಕ್ಕರು, ತೊಗರಿಬೇಳೆ, ಅಗರಬತ್ತಿ, ಎಲ್ಲ ನಮ್ಮೂರ ಅಂಗಡಿಯ ಹಾಗೇ ಜೋಡಿಸಿಟ್ಟಿರುತ್ತಾರೆ. ಇಲ್ಲಿಂದ ಒಯ್ಯಬೇಕಾದ್ದು ಎರಡು ಜೊತೆ ಕನ್ನಡಕ (ವಾರದ ಮುಂಚೆಯೇ ಮಾಡಿಸಿ), ಒಗ್ಗಿದ ಚಪ್ಪಲಿ, ಡಾಕ್ಟರ ಚೀಟಿಯ ಸಮೇತ ನಿಮ್ಮ ಮಾತ್ರೆ, ಮನೆಯ ಚಟ್ನಿಪುಡಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು, ನಮ್ಮ ದುಂಡು ಪಿನ್ನು ಹೋಗಲ್ಲ. ಎಲೆಕ್ಟ್ರಾನಿಕ್ ಸಾಮಾನಿನ ಎಸ್‌ಪಿ ರೋಡ್ ಚಿಕ್ಕಪೇಟೆಗೆ ಹತ್ತಿರವೇ ಇದೆ, ಒಂದು ಅಡಾಪ್ಟರ್ ತಗೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಇನ್ನೊಂದು, ಇದನ್ನು ಮಾತ್ರ ಅಮ್ಮನಿಗೆ ಓದಿ ಹೇಳಿ. ಗಸಗಸೆ ಒಂದು ಚಮಚವೂ ಬೇಡ, ಅದು ಬೆರೆಸಿದ ಮಸಾಲೆಪುಡಿಯೂ ಬೇಡ. ಯುಎಇಯಲ್ಲಿ ಅದು ನಿಷಿದ್ಧ. ಪಾಯಸಕ್ಕೆ ಅಂತ ಕಟ್ಟಿಕೊಟ್ಟರು ಅನ್ನೋ ಕಥೆ ಅಲ್ಲಿ ನಡೆಯಲ್ಲ.

ಅಂದಹಾಗೆ, ನಾನು ಹೋದಾಗ ಎಲ್ಲ ಒಂದೇ ಟರ್ಮಿನಲ್ಲು. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ಕ್ಕೆ ಹೋಗಿವೆ. ಬಸ್ಸು ಅಲ್ಲಿ ನಿಲ್ಲುತ್ತದಾ ಅಂತ ಹತ್ತುವಾಗಲೇ ಕಂಡಕ್ಟರ್‌ನ ಕೇಳಿಕೊಳ್ಳಿ.